ಮೊಮ್ಮಗಳ ಕೈಗೆ ಕಟ್ಟಿದ ವಯರು

ಜಂಗಮಕೋಟೆಯಿಂದ ಚಿಕ್ಕಬಳ್ಳಾಪುರ, ಅಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರು. ಮೊಮ್ಮಗಳು ಫ್ಯಾಕ್ಟರಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮನೆಯವರು ಬಂದು ನೋಡಬಹುದು ಅಂತ ಆವತ್ತೊಂದು ದಿನ ಒಳಗೆ ಬಿಡುತ್ತಿದ್ದರು. ಹೊರಡುವಾಗ ಮಗ ಹೇಳಿದ್ದ, "ಅಮ್ಮ, ನೀನೇ ನೋಡು. ಸರಿಯಿಲ್ಲ ಅನ್ನಿಸಿದ್ರೆ ಪೆಟ್ಟಿಗೆ ಸಮೇತ ಕರ್ಕೊಂಡು ಬಂದ್ಬಿಡು."

ತಲೆಗೆ ಟೋಪಿ ಹಾಕಿಸಿ, ಹಳದಿ ಗೆರೆ ದಾಟಬೇಡಿ ಅಂದರು. ಒಳಗೆ ನೋಡಿದೆ, ಬಾಯಿ ಮುಚ್ಚಲಿಲ್ಲ! ಟಿವಿ ಒಳಗಿರುತ್ತಲ್ಲ, ಆ ಹಸಿರು ಹಲಗೆಗಳು, ಬೆಲ್ಟಿನ ಮೇಲೆ ತಮ್ಮಷ್ಟಕ್ಕೆ ಬರುತ್ತಿವೆ. ತಳ್ಳೋರಿಲ್ಲ, ಎಳೆಯೋರಿಲ್ಲ. ಒಂದು ಮಿಷನ್ನಿನೊಳಗೆ ಹೋಗಿ, ಎಳ್ಳಿಗಿಂತ ಸಣ್ಣ ಸಾಮಾನು ಟಕಟಕ ಕೂರಿಸಿಕೊಂಡು ಆಚೆ ಬರುತ್ತವೆ.

ಬೆಲ್ಟಿನ ಕೊನೆಯಲ್ಲಿ ನಮ್ಮ ಹುಡುಗಿ. ಎಷ್ಟು ಚೆಂದ ಕಂಡಳು! ಆಮೇಲೆ ಅವಳ ಕೈ ನೋಡಿದೆ. ಮಣಿಕಟ್ಟಿಗೆ ಪಟ್ಟಿ, ಪಟ್ಟಿಗೆ ವಯರು, ವಯರಿನ ಇನ್ನೊಂದು ತುದಿ ಮೇಜಿಗೆ. ಕರು ಕಟ್ಟಿದಂಗೆ ಕಟ್ಟಿದ್ದಾರೆ!

ಗೆರೆ ಗಿರೆ ನೋಡಲಿಲ್ಲ. ಓಡಿಹೋಗಿ ಪಟ್ಟಿ ಕಿತ್ತೆ. ಕುಂಯ್ ಅಂತ ಏನೋ ಕೂಗಿಕೊಂಡಿತು, ಕೆಂಪು ದೀಪ ಹತ್ತಿತು, ಬೆಲ್ಟು ನಿಂತೇಹೋಯಿತು. ಹಲಗೆಗಳು ಒಂದಕ್ಕೊಂದು ತಾಗದೆ, ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದವರಂತೆ ಸಾಲಾಗಿ ನಿಂತವು. ಹುಡುಗಿ ಮುಖ ಬಿಳಿಚಿಕೊಂಡಿತು. ನನ್ನಿಂದಲೇ ಇವಳ ಕೆಲಸ ಹೋಯಿತು ಅಂದುಕೊಂಡೆ.

ಸೂಪರ್‌ವೈಸರ್ ಓಡಿಬಂದ. "ಯಾರಮ್ಮ ನೀವು? ಗೆರೆ ಯಾಕೆ ದಾಟಿದ್ರಿ?"

"ಮೊದಲು ನೀನು ಹೇಳಪ್ಪ, ಹೆಣ್ಣುಮಗೂನ ಯಾಕೆ ಕಟ್ಟಿಹಾಕಿದ್ದೀಯ?"

"ಅಯ್ಯೋ ಅಜ್ಜಿ, ಕಟ್ಟಿಹಾಕಿಲ್ಲ!" ಅಂದಳು ಮೊಮ್ಮಗಳು. "ನಮ್ಮ ಮೈಯಲ್ಲಿ ಚೂರು ಕರೆಂಟಿರುತ್ತೆ. ಹಂಗೇ ಮುಟ್ಟಿದ್ರೆ ಬೋರ್ಡು ಕೆಟ್ಟೋಗುತ್ತೆ. ಅದು ವಯರಲ್ಲಿ ನೆಲಕ್ಕೆ ಇಳೀಲಿ ಅಂತ."

"ನಿನ್ನ ಮೈಯಲ್ಲಿ ಕರೆಂಟಾ! ಎತ್ತಿ ಆಡಿಸಿದಾಗ ನಂಗೆ ಹೊಡೀಲಿಲ್ವಲ್ಲೇ?"

ಸೂಪರ್‌ವೈಸರಿಗೂ ನಗು ತಡೆಯಲಿಲ್ಲ. "ನಿಮ್ಮಲ್ಲೂ ಇದೆ ಕಣಮ್ಮ, ಜಾಸ್ತೀನೇ ಇದೆ. ಗೆರೆ ಆಚೆ ನಿಂತ್ಕೊಳಿ," ಅಂದು, ಅವಳಿಗೆ ಲೈನ್ ಶುರು ಮಾಡಮ್ಮ ಅಂದ. ಕೆಲಸ ಹೋಗಲಿಲ್ಲ!

ಅವಳೇ ಪಟ್ಟಿ ಹಾಕಿಕೊಂಡು ಗುಂಡಿ ಒತ್ತಿದಳು. ಹಲಗೆ ಅವಳ ಮುಂದೆ ಬಂದು ನಿಂತಿತು. ಅದನ್ನು ಎತ್ತಿ, ತಿರುಗಿಸಿ ನೋಡಿ ಪಕ್ಕಕ್ಕಿಡುವವರೆಗೂ ಹಿಂದಿನದು ಮಿಸುಕಲಿಲ್ಲ.

"ನೀನು ನಿಧಾನ ಮಾಡಿದ್ರೆ?"

"ನಿಂತಿರುತ್ತೆ ಅಜ್ಜಿ."

ಜೀವನವೆಲ್ಲ ರೇಷ್ಮೆ ಹುಳ ಸಾಕಿದವಳು ನಾನು. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳ ಸೊಪ್ಪಿಗೆ ಒಂದು ಗಳಿಗೆ ಕಾಯಲ್ಲ. ಇವಳಪ್ಪ ಹುಟ್ಟಿದ ಒಂಬತ್ತನೇ ದಿನಕ್ಕೆ ಎದ್ದು ಸೊಪ್ಪು ಹಾಕಿದ್ದೆ.

ಬಸ್‌ ಸ್ಟ್ಯಾಂಡಿನ ಕಾಯಿನ್ ಫೋನಲ್ಲಿ ಮಗನಿಗೆ ಮಾಡಿದೆ.

"ಕರ್ಕೊಂಡು ಬರ್ತಿದ್ದೀಯಾ ಅಮ್ಮ?"

"ಇಲ್ಲ ಕಣೋ, ಅವಳು ಇಲ್ಲೇ ಇರ್ಲಿ. ಅಷ್ಟುದ್ದದ ಬೆಲ್ಟು ಇವಳಿಗೆ ಕಾಯ್ಕೊಂಡು ನಿಲ್ಲುತ್ತೆ ಕಣಪ್ಪ, ಇವಳಿಗೆ!"

ಬಸ್ಸಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಇನ್ನೊಂದು ಸಲ ಜೋರಾಗಿ ಹೇಳಿದೆ.