ಭೋಂಗಾ ಕೂಗಿತು, ಮೆಸೇಜ್ ಬರಲಿಲ್ಲ

ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಮೊದಲ ಸಂಜೆ ಅಡುಗೆಮನೆಯ ಕಿಟಕಿ ತೆರೆದೆ. ಕೊಳೆತ ಮೊಟ್ಟೆಯನ್ನು ಸ್ಪಿರಿಟ್‌ನಲ್ಲಿ ಅದ್ದಿಟ್ಟಂಥ ವಾಸನೆಯೊಂದು ಮುಖಕ್ಕೆ ಹೊಡೆದು ಗಂಟಲು ಕಟ್ಟಿತು. ಸಿಲಿಂಡರ್ ಸೋರುತ್ತಿದೆ ಎಂದುಕೊಂಡು ರೆಗ್ಯುಲೇಟರ್ ತಿರುಗಿಸಿ, ಬರಿಗಾಲಲ್ಲೇ ಹೊರಗೋಡಿದೆ. ಎದುರು ಮನೆಯ ಹೆಂಗಸು ಬಾಗಿಲಲ್ಲಿ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ನನ್ನ ಗಾಬರಿ ನೋಡಿ ನಕ್ಕರು.

"ಕಂಪನಿ ಕಾ ಬಾಸ್ ಹೈ. ಖಿಡ್ಕೀ ಬಂದ್ ಕರೋ, ಬಸ್."

ಕಾರ್ಖಾನೆಯ ವಾಸನೆ, ಕಿಟಕಿ ಮುಚ್ಚು, ಅಷ್ಟೇ ಎಂದರು. ಇಷ್ಟು ಹೇಳುವಾಗಲೂ ಅವರ ಕೈ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

ನಮ್ಮ ಕಾರ್ಕಳದ ಕಡೆ ಗಾಳಿಯಲ್ಲಿ ಬರುವ ವಾಸನೆಯಿಂದ ಯಾರ ಮನೆಯಲ್ಲಿ ಮೀನು ಹುರಿಯುತ್ತಿದ್ದಾರೆ, ಯಾರ ಮನೆಯಲ್ಲಿ ಭತ್ತ ಬೇಯುತ್ತಿದೆ ಎಂದು ಹೇಳಬಹುದಿತ್ತು. ಇಲ್ಲಿ ಯಾವ ಕಾರ್ಖಾನೆ ಯಾವ ವಾಸನೆ ಬಿಡುತ್ತದೆ ಎಂಬುದನ್ನು ಜನ ಬಲ್ಲರು. ಕಾರ್ಖಾನೆಗಳ ಹಿಂದಿನ ಚರಂಡಿ ಒಂದು ದಿನ ಹಸಿರು, ಇನ್ನೊಂದು ದಿನ ಗುಲಾಬಿ. ಅಂಥದೇ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನನ್ನ ಗಂಡ ಸತೀಶ ಮೇಲ್ವಿಚಾರಕರಾಗಿದ್ದರು. ಅವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಅವರು ಹೊರಟ ಮೇಲೆ ಒಂದು ಕೋಣೆ, ಒಂದು ಅಡುಗೆಮನೆಯ ಆ ಮನೆಯಲ್ಲಿ ನಾನೊಬ್ಬಳೇ. ಮಾತಾಡಲು ತುಳುವಿಲ್ಲ, ಕನ್ನಡವಿಲ್ಲ. ಎದುರು ಮನೆಯ ಹೆಂಗಸನ್ನು ಎಲ್ಲರೂ ವಹಿನಿ ಎನ್ನುತ್ತಿದ್ದರು. ಅದು ಅವರ ಹೆಸರೆಂದೇ ತಿಳಿದಿದ್ದೆ. ವಹಿನಿ ಎಂದರೆ ಅತ್ತಿಗೆ ಎಂದು ತಿಳಿಯುವ ಹೊತ್ತಿಗೆ ಅವರು ನನಗೆ ಅತ್ತಿಗೆಯೇ ಆಗಿಬಿಟ್ಟಿದ್ದರು. ಕುಚ್ಚಲಕ್ಕಿ ಸಿಗುವ ಅಂಗಡಿಯನ್ನು ತೋರಿಸಿದವರೂ ಅವರೇ. ಅವರ ಮನೆಯಲ್ಲಿ ದಮ್ಮಿನ ಕಾಯಿಲೆಯ ಅತ್ತೆ ಇದ್ದರು. ಆ ಆಜಿ ಮಧ್ಯಾಹ್ನವೆಲ್ಲ ಬಾಲ್ಕನಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು.

ನಾನು ಊರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ. ಕೆಲ ತಿಂಗಳ ಬಳಿಕ ನವಿ ಮುಂಬಯಿಯ ತುರ್ಭೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಲೋಕಲ್ ರೈಲಿನಲ್ಲಿ ಠಾಣೆ ಸ್ಟೇಷನ್ನಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಬೇಕು. ಮೊದಲ ದಿನ ಹೆಂಗಸರ ಡಬ್ಬಿಯೊಳಗೆ ನಾನು ಹತ್ತಲಿಲ್ಲ, ಹಿಂದಿನವರು ನನ್ನನ್ನು ಹತ್ತಿಸಿದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಠಾಣೆ ಬಂದಾಗ ಬಾಗಿಲ ತನಕ ತಲುಪಲಾಗದೆ ಮುಂದಿನ ನಿಲ್ದಾಣಕ್ಕೆ ಹೋಗಿಬಿಟ್ಟೆ. ಊರಿನ ಬಸ್ಸಿನಲ್ಲಿ ಒಂದು ಸ್ಟಾಪು ಮುಂದೆ ಹೋದರೆ ಕಂಡಕ್ಟರನಿಗೆ ಬೈದು ಇಳಿಯಬಹುದು. ಇಲ್ಲಿ ಬೈಯುವುದಕ್ಕೂ ಉಸಿರಿರಲಿಲ್ಲ. "ಉತರ್ನಾ ಹೈ ಕ್ಯಾ?", ಇಳಿಯುವವರಾ ಎಂದು ಮುಂದಿರುವವರನ್ನು ಮೊದಲೇ ಕೇಳಿ ಜಾಗ ಮಾಡಿಕೊಳ್ಳಲು ಕಲಿತ ದಿನ, ಯಾವುದೋ ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ.

ಆಫೀಸಿನಲ್ಲಿ ನನ್ನ ಮೇಲಿನವರು ಕುಲಕರ್ಣಿ ಸರ್. ವಿಜಾಪುರದವರು, ಕಾಮೋಠೆಯಲ್ಲಿ ಮನೆ. ನನ್ನದು ಕೆಟ್ಟುಹೋದ ವೆಬ್ ಪುಟಗಳನ್ನು ಸರಿಪಡಿಸುವ ಕೆಲಸ. ಕೋಡ್‌ನಲ್ಲಿ ತೆರೆದ ಗುರುತೊಂದನ್ನು ಯಾರೋ ಮುಚ್ಚಲು ಮರೆತಿರುತ್ತಾರೆ, ಅಷ್ಟಕ್ಕೇ ಇಡೀ ಪುಟ ಬಲಕ್ಕೆ ಜಾರಿ, ಬರಹದ ಮೇಲೆ ಚಿತ್ರ ಕೂತಿರುತ್ತದೆ. ಸಾಲು ಸಾಲಾಗಿ ನೋಡುತ್ತ ಹೋಗಿ ತಪ್ಪಿದ ಜಾಗವನ್ನು ಹಿಡಿಯಬೇಕು. ಆ ತಾಳ್ಮೆ ನನಗಿತ್ತು.

ನಮ್ಮ ಕಂಪನಿಯವರು ಸತೀಶರ ಕಾರ್ಖಾನೆಗೂ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ವಿಷಾನಿಲ ಸೋರಿ ಅದರ ಮಟ್ಟ ಮಿತಿ ಮೀರಿದರೆ ಕಾರ್ಖಾನೆಯೊಳಗೆ ಭೋಂಗಾ, ಎಂದರೆ ಸೈರನ್, ಕೂಗಬೇಕು. ಜೊತೆಗೆ ಸುರಕ್ಷತಾ ಅಧಿಕಾರಿಗಳಿಗೂ ಸುತ್ತಲಿನ ವಸತಿ ಸೊಸೈಟಿಗಳ ಕಾರ್ಯದರ್ಶಿಗಳಿಗೂ ಮೊಬೈಲಿಗೆ ಮೆಸೇಜ್ ಹೋಗಬೇಕು. ಪರೀಕ್ಷೆಗೆಂದು ನನ್ನ ನಂಬರನ್ನೂ ಸೇರಿಸಿದ್ದರು. ಅದು ಹಾಗೇ ಉಳಿದಿತ್ತು.

ಆ ಶನಿವಾರ ನನಗೆ ರಜೆ. ಸತೀಶರದು ಮಧ್ಯಾಹ್ನದ ಪಾಳಿ. ಅವರು ಹೋಗಿ ಸ್ವಲ್ಪ ಹೊತ್ತಾಗಿತ್ತು, ದೂರದಲ್ಲಿ ಭೋಂಗಾ ಕೂಗಿತು. ಪಾಳಿಯ ಹೊತ್ತಿಗೆ ಯಾವುದಾದರೂ ಕಾರ್ಖಾನೆಯದು ಕೂಗುತ್ತಲೇ ಇರುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಆದರೆ ಇದು ನಿಲ್ಲಲಿಲ್ಲ. ನಾನು ಮೊಬೈಲ್ ಕೈಗೆತ್ತಿಕೊಂಡೆ. ಏನೂ ಬಂದಿರಲಿಲ್ಲ. ಹಾಗಾದರೆ ಸತೀಶರ ಕಾರ್ಖಾನೆಯದಲ್ಲ ಎಂದು ಸಮಾಧಾನ ಮಾಡಿಕೊಂಡು ಬಟ್ಟೆ ಮಡಚತೊಡಗಿದೆ. ಕಣ್ಣು ಉರಿಯಲು ಶುರುವಾಯಿತು. ಮೂಗಿನೊಳಗೆ ಮೆಣಸಿನ ಘಾಟು. ಅಷ್ಟರಲ್ಲಿ ಬೇಗ ಬಾ ಎಂದು ವಹಿನಿ ಕೂಗಿದ್ದು ಕೇಳಿಸಿತು.

"ಸುಜಾತಾ! ಲವಕರ್ ಯೇ! ಆಜಿ..."

ಓಡಿದೆ. ಆಜಿ ಬಾಲ್ಕನಿಯ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ್ದರು. ಬಾಯಿ ತೆರೆದಿದೆ, ಉಸಿರು ಒಳಗೆ ಹೋಗುತ್ತಿಲ್ಲ. ತುಟಿ ನೀಲಿಯಾಗುತ್ತಿತ್ತು. ಇಬ್ಬರೂ ಎತ್ತಿ ಒಳಗೆ ತಂದು, ಒದ್ದೆ ಬಟ್ಟೆಯಿಂದ ಮುಖ ಮುಚ್ಚಿ, ಕೆಳಗಿಳಿಸಿ ರಿಕ್ಷಾದಲ್ಲಿ ಕೂರಿಸಿದೆವು. ಸ್ಟೇಷನ್ ಕಡೆಯ ಆಸ್ಪತ್ರೆ ತಲುಪುವ ತನಕ ನಾನು ಒಂದು ಕೈಯಲ್ಲಿ ಆಜಿಯ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಸತೀಶರಿಗೆ ಫೋನ್ ಮಾಡುತ್ತಿದ್ದೆ. ರಿಂಗ್ ಆಗುತ್ತಿತ್ತು. ಎತ್ತುವವರಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಆಜಿಗೆ ಆಮ್ಲಜನಕ ಹಾಕಿದರು. ಕತ್ತಲಾಗುವ ಮೊದಲು ಸತೀಶರ ಫೋನ್ ಬಂತು.

"ಎಂತ ಇಲ್ಲ ಮಾರಾಯ್ತಿ, ಒಂದು ವಾಲ್ವ್ ಸೋರಿತು. ಈಗ ಬಂದ್ ಮಾಡಿದ್ದೇವೆ. ಭೋಂಗಾ ಆದ ಕೂಡಲೇ ಎಲ್ಲರೂ ಹೊರಗೆ ಬಂದೆವು. ಫೋನು ಒಳಗೇ ಉಳಿಯಿತು."

"ಭೋಂಗಾ ನಿಮ್ಮದೇ?"

"ನಮ್ಮದೇ. ನಿನಗೆ ಮೆಸೇಜ್ ಬಂದಿರಬೇಕಲ್ಲ?"

ಗಂಡ ಬದುಕಿದ್ದಾರೆ ಎಂಬ ಸಮಾಧಾನ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿದೆ, ಮೆಸೇಜ್ ಯಾರಿಗೂ ಬಂದಿರಲಿಲ್ಲ. ಬಂದಿದ್ದರೆ ಆಜಿ ಬಾಲ್ಕನಿಯಲ್ಲಿ ಇರುತ್ತಿರಲಿಲ್ಲ.

ಸೋಮವಾರ ಕುಲಕರ್ಣಿ ಸರ್ ನನ್ನ ಎದುರೇ ಪ್ರೋಗ್ರಾಂ ಓಡಿಸಿದರು. ಅನಿಲ ಮಿತಿ ಮೀರಿದೆ ಎಂದು ಸುಳ್ಳು ಅಂಕಿ ಕೊಟ್ಟ ಕೂಡಲೇ ನನ್ನ ಮೊಬೈಲ್ ಸದ್ದು ಮಾಡಿತು.

"ನೋಡವಾ, ಬರಾಕತ್ತೇದ ಅಲ್ಲ? ಅವತ್ತ ನೆಟ್‌ವರ್ಕ್ ಇದ್ದಿರಲಿಕ್ಕಿಲ್ಲ."

"ಯಾರಿಗೂ ಇರಲಿಲ್ಲವಾ ಸರ್? ನಾನು ಆಗಲೇ ರಿಕ್ಷಾದಿಂದ ಫೋನ್ ಮಾಡ್ತಾ ಇದ್ದೆನಲ್ಲ."

ಅವರು ಮತ್ತೊಮ್ಮೆ ಓಡಿಸಿದರು, ಮೊಬೈಲ್ ಮತ್ತೆ ಸದ್ದು ಮಾಡಿತು. ಅವರ ಮುಖದಲ್ಲೂ ಹೆದರಿಕೆ ಕಂಡಿತು. ತಪ್ಪು ಕಾಣಿಸಿದರೆ ತಿದ್ದಬಹುದು. ಸರಿಯಾಗಿ ನಡೆಯುತ್ತಿರುವುದನ್ನು ತಿದ್ದುವುದು ಹೇಗೆ? ಇನ್ನೊಂದು ಸೋರಿಕೆ ಇವತ್ತೇ ಆದರೆ?

ಆ ಪ್ರೋಗ್ರಾಂ ಪೈಥಾನ್ ಎಂಬ ಭಾಷೆಯಲ್ಲಿತ್ತು. ಬೇರೆ ಭಾಷೆಗಳಲ್ಲಿ ಒಂದು ಷರತ್ತಿಗೆ ಸೇರಿದ ಸಾಲುಗಳನ್ನು ಕಂಸದೊಳಗೆ ಇಡುತ್ತಾರೆ. ಪೈಥಾನ್‌ನಲ್ಲಿ ಕಂಸವಿಲ್ಲ, ಸಾಲಿನ ಮೊದಲು ಬಿಟ್ಟ ಖಾಲಿ ಜಾಗವೇ ಎಲ್ಲ. ಯಾವ ಸಾಲು ಎಷ್ಟು ಒಳಗೆ ಸರಿದಿದೆ ಎಂಬುದರ ಮೇಲೆ ಅದು ಯಾವ ಷರತ್ತಿಗೆ ಸೇರಿದ್ದೆಂದು ಯಂತ್ರ ತಿಳಿಯುತ್ತದೆ. ನಮ್ಮ ಫೈಲಿನಲ್ಲಿ, ಅನಿಲ ಮಿತಿ ಮೀರಿದರೆ ಭೋಂಗಾ ಕೂಗಿಸು ಎಂದಿತ್ತು. ಅದರ ಕೆಳಗೆ, ಭೋಂಗಾ ಕೆಟ್ಟಿದ್ದರೆ ದಾಖಲಿಸು ಎಂದು ಇನ್ನಷ್ಟು ಒಳಗೆ ಸರಿದ ಸಾಲು. ಆಮೇಲೆ ಮೆಸೇಜ್ ಕಳಿಸುವ ಸಾಲು, ಭೋಂಗಾದ ಸಾಲಿಗೆ ನೇರವಾಗಿ, ಎಲ್ಲಿರಬೇಕೋ ಅಲ್ಲೇ.

ಊಟಕ್ಕೆ ಏಳದೆ ಅದನ್ನೇ ನೋಡುತ್ತಿದ್ದೆ. ಸಾಲಿನ ಆರಂಭಕ್ಕೆ ಹೋಗಲು ಬಾಣದ ಗುರುತಿನ ಕೀಲಿ ಒತ್ತುತ್ತಿದ್ದೆ. ಉಳಿದ ಸಾಲುಗಳಲ್ಲಿ ಕರ್ಸರ್ ಒಂದೊಂದೇ ಹೆಜ್ಜೆ ಹೋಯಿತು. ಮೆಸೇಜ್ ಸಾಲಿನಲ್ಲಿ ಮಾತ್ರ ಒಂದೇ ಒತ್ತಿಗೆ ಪೂರ್ತಿ ಜಿಗಿಯಿತು. ಕೋಡ್ ಬರೆಯುವ ಎಡಿಟರ್‌ನಲ್ಲಿ ಖಾಲಿ ಜಾಗವನ್ನೂ ಗುರುತು ಹಾಕಿ ತೋರಿಸುವ ಆಯ್ಕೆಯನ್ನು ಒತ್ತಿದೆ. ಭೋಂಗಾದ ಸಾಲಿನ ಮುಂದೆ ನಾಲ್ಕು ಚುಕ್ಕೆ, ಒಳಗಿನ ದಾಖಲೆಯ ಸಾಲಿನ ಮುಂದೆ ಎಂಟು ಚುಕ್ಕೆ. ಅವು ಸ್ಪೇಸ್‌ಗಳು. ಆ ಒಂದು ಸಾಲಿನ ಮುಂದೆ ಒಂದು ಬಾಣ. ಅದು ಟ್ಯಾಬ್, ಒಂದೇ ಒತ್ತಿಗೆ ಹಲವು ಸ್ಪೇಸ್ ದೂರ ಜಿಗಿಸುವ ಗುರುತು.

"ಸರ್, ಈ ಎಡಿಟರ್ ಟ್ಯಾಬನ್ನು ನಾಲ್ಕು ಸ್ಪೇಸಿನಷ್ಟು ತೋರಿಸ್ತದೆ. ಪೈಥಾನ್ ಎಷ್ಟು ಎಂದು ಎಣಿಸ್ತದೆ?"

ಅವರು ಎದ್ದು ಬಂದರು. "ಎಂಟು," ಎಂದರು. ಆಗ ನಾವು ಬಳಸುತ್ತಿದ್ದ ಹಳೆಯ ಪೈಥಾನ್ ಹಾಗೇ ಎಣಿಸುತ್ತಿತ್ತು. ಮರುಕ್ಷಣ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅಯ್ಯಯ್ಯೋ. ಹಂಗಾದ್ರ ಮೆಸೇಜು ಆ ಒಳಗಿನ ಷರತ್ತಿನ್ಯಾಗ ಹೋಗಿ ಕುಂತೇದ."

ಭೋಂಗಾ ಕೆಟ್ಟಿದ್ದರೆ ಮಾತ್ರ ಮೆಸೇಜ್. ಭೋಂಗಾ ಕೂಗಿದರೆ ಮೆಸೇಜ್ ಇಲ್ಲ. ನಮ್ಮ ಕಣ್ಣು ಓದಿದ್ದು ಒಂದು, ಯಂತ್ರ ಓದಿದ್ದು ಇನ್ನೊಂದು. ಆಫೀಸಿನಲ್ಲಿ ಭೋಂಗಾ ಇರಲಿಲ್ಲ, ಹಾಗಾಗಿ ಅದು ಕೆಟ್ಟಿದೆ ಎಂದು ತಿಳಿದು ಪ್ರೋಗ್ರಾಂ ಪ್ರತಿ ಸಲವೂ ಮೆಸೇಜ್ ಕಳಿಸುತ್ತಿತ್ತು. ಕಾರ್ಖಾನೆಯಲ್ಲಿ ಅಳವಡಿಸಿದ ದಿನ, ಭೋಂಗಾ ಕೂಗಿದರೆ ಜನ ಗಾಬರಿಯಾಗುತ್ತಾರೆಂದು ಅದರ ವೈರು ಬಿಡಿಸಿಟ್ಟೇ ಪರೀಕ್ಷೆ ಮಾಡಿದ್ದರಂತೆ. ಆ ಟ್ಯಾಬ್ ಯಾರ ಕೈಯಿಂದ ಬಂತೆಂದು ಗೊತ್ತಾಗಲಿಲ್ಲ. ಇಬ್ಬರು ಮೂವರು ಬೇರೆ ಬೇರೆ ಎಡಿಟರ್‌ಗಳಲ್ಲಿ ಆ ಫೈಲನ್ನು ಮುಟ್ಟಿದ್ದರು.

"ಇದ ಫೈಲು ಮತ್ತೂ ಎರಡು ಕಡೆ ಓಡಾಕತ್ತೇದ. ಏಳವಾ, ಈಗಲೇ ಹೋಗೂಣು," ಎಂದರು ಸರ್. ನಮ್ಮ ಕಂಪನಿಯ ಮಾಲೀಕರಿಗೆ ಅವರೇ ಎಲ್ಲ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ಆ ದಿನ ಎರಡು ಕಾರ್ಖಾನೆ ಮುಗಿಸಿ ಡೊಂಬಿವಲಿ ಮುಟ್ಟಿದಾಗ ಸಂಜೆ. ಫೈಲಿನ ಎಲ್ಲ ಟ್ಯಾಬ್‌ಗಳನ್ನೂ ಸ್ಪೇಸ್ ಮಾಡಿ, ಸುತ್ತಲಿನ ಸೊಸೈಟಿಗಳಿಗೆ ಮೊದಲೇ ತಿಳಿಸಿ, ಈ ಸಲ ಭೋಂಗಾವನ್ನು ನಿಜವಾಗಿಯೇ ಕೂಗಿಸಿದೆವು. ಪರೀಕ್ಷೆ ಎಂದು ಗೊತ್ತಿದ್ದೂ ಆ ಸದ್ದಿಗೆ ನಾನು ಬಾಗಿಲ ಕಡೆಗೆ ಹೊರಟೇಬಿಟ್ಟಿದ್ದೆ. ಮೊಬೈಲ್ ಅದುರಿತು. ಹೊಸದಾಗಿ ನಂಬರ್ ಸೇರಿಸಿದ್ದ ವಹಿನಿ ಕೂಡಲೇ ಫೋನ್ ಮಾಡಿದರು. "ಆಲಾ ಗ! ಮೆಸೇಜ್ ಆಲಾ!" ಬಂತು ಕಣೇ, ಬಂತು.

ಆಜಿ ಮನೆಗೆ ಮರಳಿದರು. ಬಾಲ್ಕನಿಯ ಕುರ್ಚಿ ಮಾತ್ರ ಒಳಗೆ ಬಂತು.

ಮುಂದಿನ ವರ್ಷ ತಂಗಿಯ ಮಗುವಿನ ನಾಮಕರಣಕ್ಕೆ ಊರಿಗೆ ಹೋಗಿದ್ದೆ. ಸತೀಶರಿಗೆ ರಜೆ ಸಿಕ್ಕಿರಲಿಲ್ಲ. ಅಂಗಳದಲ್ಲಿ ಎಲೆ ಹಾಕುತ್ತಿದ್ದಾಗ ಮೊಬೈಲ್ ಅದುರಿತು. ಅನಿಲ ಮಿತಿ ಮೀರಿದೆ, ಕಿಟಕಿ ಮುಚ್ಚಿ ಒಳಗಿರಿ. ಎಲೆಯ ಕಟ್ಟು ಕೆಳಗೆ ಬಿತ್ತು. ಫೋನ್ ಮಾಡಿದೆ, ಸತೀಶರು ಎತ್ತಲಿಲ್ಲ. ವಹಿನಿ ಎತ್ತಿದರು. ಬಾಗಿಲು ಹಾಕಿದ್ದೇವೆ, ಆಜಿ ಒಳಗಿದ್ದಾರೆ, ನೀನು ಬರಬೇಡ, ಅಲ್ಲೇ ಇರು ಎಂದರು. ಅಲ್ಲಿರಬೇಕಾದವಳು ನಾನಲ್ಲವೇ ಎನಿಸಿತು. ಸ್ವಲ್ಪ ಹೊತ್ತಿಗೆ ಸತೀಶರ ಫೋನೂ ಬಂತು, ಸಣ್ಣ ಸೋರಿಕೆ, ನಿಂತಿದೆ ಎಂದರು. ಆದರೂ ನಾನು ಮೊಬೈಲನ್ನು ಕೆಳಗಿಡಲಿಲ್ಲ.

ಅಮ್ಮ ಬಂದು ನನ್ನ ಕೈ ಹಿಡಿದುಕೊಂಡರು. "ಆ ನಂಬರ್ ತೆಗೆಸಿಬಿಡು ಮಗಾ. ನೀನು ಇಲ್ಲಿದ್ದೀಯಲ್ಲ, ಇನ್ನು ಎಂತಕ್ಕೆ ಹೆದರಿಕೆ?"

"ಇಲ್ಲಿದ್ದೇನಲ್ಲ ಅಮ್ಮ," ಎಂದೆ, "ಅದಕ್ಕೇ ಹೆದರಿಕೆ."