ತೊಳಿಯಪ್ಪನ ಪ್ಲೇಟುಗಳು

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಂಶೋಧನಾಲಯದ ಬಾಯಲ್ಲೆಲ್ಲ ಅವನು ತೊಳಿಯಪ್ಪ. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ ಬದಲಾಗಿರಲಿಲ್ಲ. ಗಾಜಿನ ಸಾಮಾನು ತೊಳೆಯಬೇಕು, ಸೂಕ್ಷ್ಮಜೀವಿಗಳ ಆಹಾರವಾದ ಗಂಜಿಯಂಥ ಪದಾರ್ಥವನ್ನು ಆಳೆತ್ತರದ ಕುಕ್ಕರಿನಲ್ಲಿ ಬೇಯಿಸಬೇಕು, ಅದನ್ನು ಪುಟ್ಟ ಗಾಜಿನ ತಟ್ಟೆಗಳಿಗೆ ಹುಯ್ಯಬೇಕು. ಆ ತಟ್ಟೆಗೆ ಅಲ್ಲಿಯವರು ಪ್ಲೇಟು ಎನ್ನುತ್ತಾರೆ. ವಿಜ್ಞಾನಿಗಳ ಕೈ ಸೇರುವವರೆಗೆ ಅದರಲ್ಲಿ ಒಂದೇ ಒಂದು ಕ್ರಿಮಿಯೂ ಇರಕೂಡದು. ಜನ ಉಣ್ಣಲೆಂದು ಅಡುಗೆ ಮಾಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಯಾರೂ ಬಾಯಿ ಹಾಕದಿರಲಿ ಎಂದು ಅಡುಗೆ ಮಾಡುವವನು ಇವನೊಬ್ಬನೇ.

ಹೆಂಡತಿಗೆ ಮಾತ್ರ ಈ ಹೆಚ್ಚುಗಾರಿಕೆ ಅರ್ಥವಾಗಿರಲಿಲ್ಲ. "ಅಲ್ಲಿ ಕಣ್ಣಿಗೆ ಕಾಣದ ಕೊಳೆ ತೊಳೀತೀರಿ. ಇಲ್ಲಿ ಕಣ್ಣೆದುರಿಗಿರೋ ಲೋಟ ತೊಳೆಯೋಕಾಗಲ್ವಾ?" ಎನ್ನುತ್ತಿದ್ದಳು.

ಅವನ ಪ್ಲೇಟುಗಳನ್ನು ಬಳಸುತ್ತಿದ್ದವರು ವಿಜ್ಞಾನಿ ಮೇಡಂ. ಯಾವ ನೀರಲ್ಲಿ, ಯಾವ ಮಣ್ಣಲ್ಲಿ ಎಷ್ಟು ಬಗೆಯ ಸೂಕ್ಷ್ಮಜೀವಿಗಳು ಒಟ್ಟಿಗೆ ಸಂಸಾರ ಹೂಡಿವೆ ಎಂದು ಪತ್ತೆಮಾಡುವುದು ಅವರ ಸಂಶೋಧನೆ. ಕೆರೆ, ಚರಂಡಿ, ಪಾಚಿ ಕಟ್ಟಿದ ತೊಟ್ಟಿ, ಬಂಡೆಯ ಬಿರುಕು, ಯಾವುದನ್ನೂ ಬಿಟ್ಟವರಲ್ಲ. ನಮಗೆ ನಿಮಗೆ ಕೊಳಕೆನಿಸುವುದೆಲ್ಲ ಅವರಿಗೆ ಜೀವವೈವಿಧ್ಯ. ಜೊತೆಗೆ ಮಾತಿನ ಮಲ್ಲಿ. ಪ್ಲೇಟಿನ ಮುಚ್ಚಳ ತೆಗೆದು ಕೆರೆಯ ನೀರು ಸವರುವಾಗಲೂ "ಬಾ ಕಂದ, ನಾಚ್ಕೋಬೇಡ, ಹೊಟ್ಟೆ ತುಂಬ ತಿನ್ನು" ಎಂದು ಕ್ರಿಮಿಗಳನ್ನು ಉಪಚರಿಸುತ್ತಿದ್ದರು. ಗಂಜಿ ತಿಂದ ಕ್ರಿಮಿ ಎರಡು ದಿನದಲ್ಲಿ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತಿತ್ತು. ಮಾಸ್ಕು ಮಾತಿಗೆ ಅಡ್ಡ ಬರುತ್ತದೆಂದು ಅದನ್ನು ಗದ್ದದ ಕೆಳಗೆ ಇಳಿಬಿಟ್ಟಿರುತ್ತಿದ್ದರು.

ಮೂರು ವರ್ಷ ಅಲೆದ ಮೇಲೆ ಮೇಡಂಗೆ ಒಂದು ಹಳದಿ ಚುಕ್ಕೆ ಒಲಿಯಿತು. ಯಾವ ಪಟ್ಟಿಯಲ್ಲೂ ಇಲ್ಲದ ಹೊಸ ಜೀವಿ. ಕೆರೆಯಲ್ಲಿತ್ತು, ಚರಂಡಿಯಲ್ಲಿತ್ತು, ಬಂಡೆಯ ಮೇಲೂ ಇತ್ತು, ಒಟ್ಟು ಹದಿನೇಳು ಕಡೆ ಸಿಕ್ಕಿತು. ಎಲ್ಲಿ ಬಿಸಾಕಿದರೂ ಬದುಕುವ ಗಟ್ಟಿ ಪಿಂಡ ಎಂದು ಮೇಡಂ ಹಿಗ್ಗಿ ಹೀರೇಕಾಯಿಯಾದರು. ಪ್ರಬಂಧ ಬರೆದು ನಿರ್ದೇಶಕರ ಮುಂದಿಟ್ಟರು.

ನಿರ್ದೇಶಕರು ಓದಿ ಕನ್ನಡಕ ತೆಗೆದರು. "ಹೋದಲ್ಲೆಲ್ಲ ಒಂದೇ ಸಿಗ್ತಿದೆ ಅಂದ್ರೆ ಅದು ಕೆರೇಲಿಲ್ಲ ಮೇಡಂ, ನಮ್ಮಲ್ಲೇ ಇದೆ. ಪ್ಲೇಟ್ ಮಾಡೋರು ಯಾರು?"

ಎಲ್ಲರ ಕಣ್ಣೂ ಬಾಗಿಲ ಬಳಿ ನಿಂತಿದ್ದ ತೊಳಿಯಪ್ಪನ ಮೇಲೆ ಬಿತ್ತು. ಅವನು ಓಡಿಹೋಗಿ, ಪ್ರತಿ ಸಲ ಮಾಡಿದ ಪ್ಲೇಟುಗಳಲ್ಲಿ ತೆರೆಯದೆ ಎತ್ತಿಟ್ಟಿದ್ದ ಒಂದೊಂದನ್ನೂ ತಂದು ಸಾಲಾಗಿ ಇಟ್ಟ. ಯಾವುದರಲ್ಲೂ ಚುಕ್ಕೆಯಿಲ್ಲ.

"ನೂರರಲ್ಲಿ ಒಂದು ಚೊಕ್ಕಟವಾಗಿದ್ರೆ ಉಳಿದ ತೊಂಬತ್ತೊಂಬತ್ತಕ್ಕೆ ಜಾಮೀನು ಯಾರು?" ಎಂದರು ನಿರ್ದೇಶಕರು ತೊಳಿಯಪ್ಪನಿಗೆ. "ಸೋಮವಾರದೊಳಗೆ ಇದು ಬಗೆಹರೀದಿದ್ರೆ ನಿಮ್ಮನ್ನ ಸ್ಟೋರ್‌ಗೆ ಹಾಕ್ತೀನಿ."

ಅಂದು ಮಧ್ಯಾಹ್ನ ತೊಳಿಯಪ್ಪ ಬುತ್ತಿ ಬಿಚ್ಚಲೇ ಇಲ್ಲ. ಅವನ ಪ್ಲೇಟು ಕೊಳಕೆಂದರೆ ಅವನೇ ಕೊಳಕು. ಸ್ಟೋರಿನಲ್ಲಿ ಕೂತು ಪೊರಕೆ ಎಣಿಸುವುದಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಸುಟ್ಟಿತು.

ಗುರುವಾರ ಒಂದೇ ಪಾತ್ರೆಯಿಂದ ಆರು ಪ್ಲೇಟು ಹುಯ್ದ. ಪ್ರಯೋಗಾಲಯದ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟು, "ಮುಚ್ಚಳ ತೆಗೆದು ಐದು ನಿಮಿಷ ದಿನಾ ಮಾಡೋ ಹಾಗೇ ಕೆಲಸ ಮಾಡಿ, ಸಾಕು" ಎಂದು ಕೈಮುಗಿದ. ತಲೆ ಕೆರೆಯುವವರು ತಲೆ ಕೆರೆದರು. ಆಕಳಿಸುವವರು ಆಕಳಿಸಿದರು. ಮೇಡಂ ಖಾಲಿ ಪ್ಲೇಟಿಗೂ ಉಪಚಾರ ಹೇಳಿದರು. ತೊಳಿಯಪ್ಪ ತನ್ನದನ್ನು ತೆರೆದು, ಎಂದಿನಂತೆ ತುಟಿ ಬಿಗಿದುಕೊಂಡು ನಿಂತ.

ಶನಿವಾರ ನೋಡಿದರೆ ಅವನ ಪ್ಲೇಟು ಬೋಳು. ತಲೆ ಕೆರೆದವರ ಪ್ಲೇಟಿನಲ್ಲಿ ನಾಲ್ಕು ಬಿಳಿ ಚುಕ್ಕೆ. ಮೇಡಂ ಪ್ಲೇಟಿನಲ್ಲಿ ಹಳದಿ ಸಾಸಿವೆ ಚೆಲ್ಲಿದ ಹಾಗಿತ್ತು.

ಗೆದ್ದೆ ಎಂದು ಅವನು ಒಂದು ಹಾರು ಹಾರಿದ. ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಮೇಡಂ ನೆನಪಾದರು. ಮೂರು ವರ್ಷ ಮೊಣಕಾಲುದ್ದ ಚರಂಡಿಗಿಳಿದ ಹೆಂಗಸು! ಪ್ಲೇಟನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನ ಮೂಲೆಗೆ ತಳ್ಳಿ ಮನೆಗೆ ಹೋದ.

"ಹೇಳಿದ್ರೆ ಮೇಡಂ ಮುಳುಗ್ತಾರೆ, ಹೇಳ್ದಿದ್ರೆ ನಾನು ಮುಳುಗ್ತೀನಿ" ಎಂದು ಹೆಂಡತಿಯ ಮುಂದೆ ಗೋಳಾಡಿದ.

"ಅವರು ಓದಿದೋರು, ಹೇಗೋ ಈಜಿ ದಡ ಸೇರ್ತಾರೆ. ನಿಮಗೆ ಈಜು ಬರುತ್ತಾ?" ಎಂದಳು ಅವಳು. ಲೋಟ ತೊಳೆದಿಟ್ಟು, "ಅಲ್ರೀ, ಮುಚ್ಚಿಟ್ರೆ ಅದು ಬೆಳೆಯೋದು ನಿಲ್ಲುತ್ತಾ? ನನಗಿಂತ ನಿಮಗೇ ಚೆನ್ನಾಗಿ ಗೊತ್ತಲ್ಲ" ಎಂದಳು.

ಸೋಮವಾರ ಬೆಳಿಗ್ಗೆ ತಾಜಾ ಹುಯ್ದ ಪ್ಲೇಟುಗಳು ಮೇಜಿನ ತುಂಬ ಮುಚ್ಚಳವಿಲ್ಲದೆ ಆರುತ್ತಿದ್ದವು. ತೊಳಿಯಪ್ಪ ಪಕ್ಕದ ಮೇಜಿಗೆ ಹೋಗಿ ಆ ಹಳದಿ ಪ್ಲೇಟನ್ನು ಮೇಡಂ ಮುಂದಿಟ್ಟು, ನಡೆದದ್ದನ್ನು ನೆಲ ನೋಡುತ್ತ ಹೇಳಿದ. ಮೇಡಂ ಒಂದು ಗಂಟೆ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ, ತುಟಿಪಿಟಕ್ಕೆನ್ನಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಯಾರೂ ಕಂಡಿರಲಿಲ್ಲ. ಅವನಿಗೆ ಭಯವೇ ಆಯಿತು.

"ಅದೇ ಇದು. ನನ್ನ ಬಾಯಿಂದಲೇ ಬಂದಿದ್ದು" ಎಂದರು ಕೊನೆಗೆ. "ಅಂದ್ರೆ ಹದಿನೇಳು ಕಡೆ ಹುಡುಕಿ ಹುಡುಕಿ ನನ್ನ ಎಂಜಲನ್ನೇ ಕಂಡುಹಿಡಿದೆ!" ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮಗೆ ಯಾವಾಗ ಗೊತ್ತಾಯ್ತು?"

"ಶನಿವಾರ."

"ಆಗಲೇ ಯಾಕೆ ಹೇಳ್ಲಿಲ್ಲ?"

"ನಿಮ್ಮದು ಮೂರು ವರ್ಷದ ಕೆಲಸ ಮೇಡಂ."

"ನಿಮ್ಮದು ಇಪ್ಪತ್ತಾರು ವರ್ಷದ್ದಲ್ಲವೇನ್ರೀ?"

ಪ್ಲೇಟು ಹಿಡಿದು ದಡದಡ ನಡೆದರು. ನಿರ್ದೇಶಕರ ಕೋಣೆ ಎದುರಿಗೇ ಇತ್ತು. ಮೇಡಂ ಗಂಟಲಿಗೆ ಬಾಗಿಲು ಒಂದು ಲೆಕ್ಕವೂ ಅಲ್ಲ. "ಪ್ರಬಂಧ ವಾಪಸ್ ತಗೋತೀನಿ ಸರ್. ತಪ್ಪು ನಂದು, ಪ್ಲೇಟಿನದಲ್ಲ. ಅವರ ಪ್ಲೇಟ್ ಅಷ್ಟು ಚೊಕ್ಕಟವಾಗಿ ಇರದಿದ್ರೆ ನನ್ನ ತಪ್ಪು ಕಾಣಿಸ್ತಾನೇ ಇರ್ಲಿಲ್ಲ."

ತನ್ನ ಮೇಜಿನ ಬಳಿ ನಿಂತೇ ಎಲ್ಲ ಕೇಳಿಸಿಕೊಂಡ ತೊಳಿಯಪ್ಪನಿಗೆ ಬೈಗುಳ ತಡೆದುಕೊಳ್ಳುವ ಅಭ್ಯಾಸವಿತ್ತು, ಇದರ ಅಭ್ಯಾಸವಿರಲಿಲ್ಲ. ಕಣ್ಣು ತುಂಬಿ ಬಂತು. ಎದುರಿಗೆ ಪ್ಲೇಟುಗಳಿನ್ನೂ ತೆರೆದೇ ಇದ್ದವು. ಅವನು ಗಬಕ್ಕನೆ ಮೂಗು ಬಾಯಿ ಮುಚ್ಚಿಕೊಂಡು, ಅಷ್ಟೂ ಪ್ಲೇಟುಗಳಿಗೆ ಒಂದೊಂದಾಗಿ ಮುಚ್ಚಳ ಹಾಕಿ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ಅತ್ತ.