ಮಾಮಾನ ಮ್ಯಾಲ ಹೋದ ಮಗ

ನೌಬಾದಿನ ನಮ್ಮ ಗಲ್ಲಿಯಲ್ಲಿ ಅನುಸೂಯಾಬಾಯಿಗೆ ಪೋಲಿಯೊಬಾಯಿ ಎಂದೇ ಹೆಸರು. ಅಂಗನವಾಡಿ ಸಹಾಯಕಿ. ಪೋಲಿಯೊ ಭಾನುವಾರ ಬಂತೆಂದರೆ ಯಾವ ಮನೆಯ ಕೂಸೂ ಅವಳ ಕೈಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಮಲಗಿದ್ದ ನನ್ನ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಹನಿ ಹಾಕಿಸಿದ್ದಕ್ಕೆ ನಾನು ಜಗಳ ತೆಗೆದಿದ್ದೆ.

"ಎಷ್ಟರ ಬೈರಿ ಅಕ್ಕಾ. ನಮ್ಮ ಕೈಲಾಶಗ ಹನಿ ಬೀಳಲಿಲ್ಲ, ಕಾಲು ಹೋದವು" ಎಂದಳು.

ಕೈಲಾಶ ಅವಳ ತಮ್ಮ. ಔರಾದ ತಾಲೂಕಿನ ಎಕಂಬಾ ಅವಳ ತವರು. ಅಲ್ಲಿ ಅವನು ಹತ್ತು ವರ್ಷಕ್ಕೇ ನಡೆಯಲಾರದೆ ಕೂತ, ಮೀಸೆ ಚಿಗುರುವ ಹೊತ್ತಿಗೆ ತೀರಿಕೊಂಡ. ಪೋಲಿಯೊ ಎಂದು ಊರೇ ತೀರ್ಮಾನಿಸಿತು. ಕಾಲು ಸೋತ ಹುಡುಗರಿಗೆಲ್ಲ ನಮ್ಮ ಕಡೆ ಅದೊಂದೇ ರೋಗ.

ಅನುಸೂಯಾಗೆ ಮಗಳು ಮಾಯಾ ಹುಟ್ಟಿ ಎಷ್ಟೋ ವರ್ಷದ ಮೇಲೆ ಮಗ ವಿಶ್ವಾಸ ಹುಟ್ಟಿದ. ತೊಟ್ಟಿಲ ಸುತ್ತ ನಿಂತವರು "ಮಾಮಾನ ಮ್ಯಾಲ ಹೋಗ್ಯಾನ್ರಿ, ಅದೇ ಮೂಗು, ಅದೇ ಗಲ್ಲ" ಎಂದು ನೆಟಿಗೆ ಮುರಿದರು. ಅನುಸೂಯಾ ಖುಷಿಗೆ ಅತ್ತೇಬಿಟ್ಟಳು. ಮಗನಿಗೆ ಒಂದು ಸರ್ತಿಯೂ ಹನಿ ತಪ್ಪಿಸಲಿಲ್ಲ.

ಐದು ತುಂಬಿದ ಮೇಲೆ ಹುಡುಗ ಮೆಟ್ಟಿಲಲ್ಲಿ ಬೀಳತೊಡಗಿದ. ನೆಲದಿಂದ ಏಳುವಾಗ ಮೊಣಕಾಲು, ತೊಡೆ ಎಂದು ಕೈ ಊರುತ್ತ ತನ್ನ ಮೈಯನ್ನೇ ಹತ್ತಿ ನಿಲ್ಲುತ್ತಿದ್ದ. ತಮ್ಮನೂ ಹಾಗೇ ಏಳುತ್ತಿದ್ದುದನ್ನು ಅವಳು ಕಂಡಿದ್ದಳು.

ಬೀದರಿನ ದವಾಖಾನೆಗೆ ನಾನೂ ಜೊತೆಗೆ ಹೋದೆ. ರಕ್ತದ ವರದಿ ನೋಡಿದ ಡಾಕ್ಟರು ಇದು ಪೋಲಿಯೊ ಅಲ್ಲ, ತಮ್ಮನದೂ ಆಗಿರಲಿಕ್ಕಿಲ್ಲ ಎಂದರು. ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುವ ಸ್ನಾಯುರೋಗವಂತೆ. ಔಷಧಿಯಿಂದ ಸ್ವಲ್ಪ ನಿಧಾನವಾದೀತು, ವಾಸಿಯಾಗದು.

"ಹಂಗಾರ ಅಷ್ಟು ಹನಿ ಹಾಕ್ಸಿದ್ದು?" ಎಂದಳು ಅನುಸೂಯಾ. ಡಾಕ್ಟರು ಔಷಧಿಯ ಚೀಟಿ ಬರೆಯತೊಡಗಿದರು.

ಗಂಡ ಮಾಣಿಕ, "ನನ್ನ ಕಡಿಂದ ಏನೂ ಇಲ್ಲೇನ್ರಿ?" ಎಂದು ಕೇಳಿದ. ಇಲ್ಲವೆಂದಾಗ ಅವನು ಉಸಿರು ಬಿಟ್ಟದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಅದಕ್ಕಾಗಿ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ಭಾಲ್ಕಿಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದ ಮಾಯಾ ಓಡಿಬಂದು ಪಕ್ಕದಲ್ಲಿ ಕೂತಳು. ನಾನು ರೊಟ್ಟಿ ತಂದು ಅಲ್ಲೇ ನಿಂತಿದ್ದೆ.

"ನನ್ನ ಕೂಸಿಗೆ ನಾನೇ ವಿಷ ಕೊಟ್ಟೆ" ಎಂದಳು ತಾಯಿ.

"ಹಂಗ ಅನಬ್ಯಾಡವ್ವಾ. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ ಇರ್ತಾವ, ಗಂಡಿಗೆ ಒಂದು ಎಕ್ಸ್, ಒಂದು ವೈ. ಕೋಟಿಗಟ್ಟಲೆ ವರ್ಷದ ಹಿಂದ ಈ ಎಕ್ಸ್, ವೈ ಎರಡೂ ಸರಿಸಮ ಜೋಡಿನೇ ಇದ್ದವು. ವೈ ತನ್ನ ಜೀನು ಕಳಕೊಂತ ಕಳಕೊಂತ ಗಿಡ್ಡ ಆತು. ಹಿಂಗಾಗಿ ಗಂಡಿನ ಎಕ್ಸಿನಾಗ ಒಂದು ಜೀನು ಕೆಟ್ಟರ, ಅದರ ಕೆಲಸ ಮಾಡ್ಲಿಕ್ಕ ವೈದಾಗ ಇನ್ನೊಂದಿಲ್ಲ. ಇದ್ರಾಗ ನಿಂದೇನು ತಪ್ಪದ?"

"ಹೆಣ್ಣಿಗೆ?"

"ಹೆಣ್ಣಿಗೆ ಇನ್ನೊಂದು ಎಕ್ಸ್ ಕಾಯ್ತದ. ಕೆಟ್ಟದ್ದು ಒಳಗಿದ್ರೂ ಗೊತ್ತಾಗಂಗಿಲ್ಲ. ಮುಂದ ಅಕಿ ಹಡದ..."

ಮಾಯಾ ಅಲ್ಲಿಗೇ ನಿಲ್ಲಿಸಿದಳು.

"ಹಡದ, ಏನು?" ಎಂದು ಕೇಳಿದಳು ಅನುಸೂಯಾ. ಕೇಳಿದ ಮೇಲೆ ಅವಳಿಗೆ ತಾನಾಗಿಯೇ ತಿಳಿಯಿತು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ನಿನಗೂ ಕೊಟ್ಟೀನೇನವ್ವಾ?"